ಮೆಣಸಿನಕಾಯಿ ಅಂಗಳದಲ್ಲಿ ಕುಣಿದ ಸರ್

ಅವರು ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. ನಾನು ಹಲಗೇರಿಯಿಂದ ಬರುತ್ತಿದ್ದೆ, ಹಾಗಾಗಿ ‘ಏ ಹಲಗೇರಿ’. ರಫೀಕನ ಅಪ್ಪನದು ರಾಣೆಬೆನ್ನೂರಿನಲ್ಲಿ ಮದುವೆ ಮನೆಗಳಿಗೆ ಸ್ಪೀಕರ್ ಕಟ್ಟುವ ಅಂಗಡಿ, ಹಾಗಾಗಿ ಅವನು ‘ಏ ಮೈಕ್‌ಸೆಟ್’. ನಮ್ಮ ತಂಡದ ಮೂರನೆಯವಳು ಬ್ಯಾಡಗಿಯ ಸವಿತಾ. ಅವಳೊಬ್ಬಳಿಗೆ ಮಾತ್ರ ಹೆಸರಿನ ಮರ್ಯಾದೆಯಿತ್ತು, ಯಾಕೆಂದರೆ ಅವಳು ಹಾಡುತ್ತಿದ್ದಳು. ಕಳೆದ ತಿಂಗಳು ಸರ್ ತೀರಿಕೊಂಡ ಸುದ್ದಿ ನಮ್ಮ ಹಳೆಯ ವಿದ್ಯಾರ್ಥಿಗಳ ಗುಂಪಿಗೆ ಬಂದಾಗ ಎಲ್ಲರೂ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಬರೆದು ಕೈಮುಗಿದ ಚಿತ್ರ ಹಾಕಿದರು. ನಾನೂ ಹಾಕಿದೆ. ರಫೀಕ ಏನೂ ಬರೆಯಲಿಲ್ಲ. ನನ್ನ ಕೈಮುಗಿದ ಚಿತ್ರದ ಕೆಳಗೆ ಅವನ ಮೌನ ಕಂಡು ನನಗೆ ನಾಚಿಕೆಯಾಯಿತು. ಅಲ್ಲಿ ಬರೆಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಾವೇರಿಯ ನಮ್ಮ ಕಾಲೇಜಿನಲ್ಲಿ ಪತ್ರಿಕೋದ್ಯಮದ ಜೊತೆಗೆ ವಿಡಿಯೋ ತಯಾರಿಕೆಯ ಒಂದು ಪಾಠವಿತ್ತು. ಅದನ್ನು ಹೇಳಲು ಇದ್ದವರು ಅವರು, ಅತಿಥಿ ಉಪನ್ಯಾಸಕರು. ವರ್ಷಗಟ್ಟಲೆ ಅತಿಥಿಯಾಗಿಯೇ ಉಳಿದ ಮನುಷ್ಯ ಎಂಥ ಅತಿಥಿ ಎಂದು ನಾವು ಹಿಂದೆ ನಿಂತು ನಗುತ್ತಿದ್ದೆವು. ಪ್ರತಿ ಜೂನ್‌ನಲ್ಲಿ ಅವರನ್ನು ಮತ್ತೆ ತೆಗೆದುಕೊಳ್ಳಬೇಕು, ಇಲ್ಲವಾದರೆ ಕೆಲಸವಿಲ್ಲ. ಬೇಸಿಗೆ ಬಂತೆಂದರೆ ಅವರ ನಡಿಗೆಯೇ ಬದಲಾಗುತ್ತಿತ್ತು. ಪ್ರಾಚಾರ್ಯರ ಕೋಣೆಯ ಮುಂದೆ ಹೋಗುವಾಗ ಚಪ್ಪಲಿ ಸದ್ದಾಗದಂತೆ ಪಾದ ಎತ್ತಿಡುತ್ತಿದ್ದರು. ಆ ತರಗತಿ, ಆ ಕಪ್ಪು ಹಲಗೆ, ಆ ಎರಡು ಹಳೆಯ ಕ್ಯಾಮೆರಾ ಬಿಟ್ಟರೆ ಅವರಿಗೆ ಬೇರೇನೂ ಬೇಕಿರಲಿಲ್ಲ. ಇದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹರೆಯದಲ್ಲಿ ಅವರು ಬೆಂಗಳೂರಿಗೆ ಹೋಗಿ ಮೂರು ವರ್ಷ ಸಿನಿಮಾ ಸೆಟ್ಟುಗಳಲ್ಲಿದ್ದರಂತೆ. ಅಲ್ಲಿ ಅವರ ಕೆಲಸ ಟೇಪು ಹಚ್ಚುವುದು. ಹಾಡಿನ ಚಿತ್ರೀಕರಣದಲ್ಲಿ ಹಾಡನ್ನು ಜೋರಾಗಿ ಹಾಕಬೇಕು, ತಪ್ಪಿದರೆ ಅದೇ ಸಾಲಿಗೆ ಹಿಂದಕ್ಕೆ ತಿರುಗಿಸಬೇಕು, ಮತ್ತೆ ಹಾಕಬೇಕು. ಒಂದೇ ಸಾಲನ್ನು ನೂರು ಸಲ ಕೇಳಿ, ನೂರು ಸಲ ನೋಡಿ, ಕುಣಿತವೆಲ್ಲ ಅವರ ಮೈಗೆ ಹತ್ತಿತ್ತು. ಆದರೆ ಯಾರೂ ಅವರನ್ನು ಕ್ಯಾಮೆರಾದ ಮುಂದೆ ಕರೆಯಲಿಲ್ಲ. ಕರೆಯುವಂಥ ಮುಖವೂ ಅಲ್ಲ ಬಿಡಿ, ಉದ್ದ ದವಡೆ, ಮುಂದೆ ಬಂದ ಹಲ್ಲು. ‘ನನ್ನ ಮೋತಿ ನೋಡಿದ್ರ ಲೆನ್ಸ್ ಒಡೀತಿತ್ತಲೇ’ ಎಂದು ಅವರೇ ಹೇಳಿ ನಮಗಿಂತ ಮೊದಲು ನಕ್ಕುಬಿಡುತ್ತಿದ್ದರು.

ಪಾಪದ ಮನುಷ್ಯ ಎಂದುಕೊಳ್ಳಬೇಡಿ. ತರಗತಿಯಲ್ಲಿ ಅವರ ನಾಲಿಗೆ ಕತ್ತರಿಯಿದ್ದಂತೆ. ಕೊನೆಯ ವರ್ಷ ಪ್ರತಿ ತಂಡವೂ ಒಂದು ಮ್ಯೂಸಿಕ್ ವಿಡಿಯೋ ಮಾಡಬೇಕಿತ್ತು. ಹಾಡು ಆರಿಸಿ, ಒಂದೊಂದು ಶಾಟನ್ನೂ ಕಾಗದದ ಮೇಲೆ ಬಿಡಿಸಿ ತರಬೇಕು, ಅವರು ಒಪ್ಪಿದ ಮೇಲೆಯೇ ಕ್ಯಾಮೆರಾ ಮುಟ್ಟಬೇಕು. ನಾನು ಒಂದು ಡಿಜೆ ಹಾಡು ಆರಿಸಿಕೊಂಡು ಹೋದೆ. ನಮ್ಮ ಕಡೆ ಟ್ರ್ಯಾಕ್ಟರುಗಳ ಮೇಲೆ, ಗಣಪತಿ ಮೆರವಣಿಗೆಯಲ್ಲಿ ಎದೆ ಗುದ್ದುವಂತೆ ಬಡಿಯುತ್ತದಲ್ಲ, ಆ ತರಹದ್ದು. ಅರ್ಧ ಹಾಡು ಹುಡುಗಿಯ ಸೊಂಟದ ವರ್ಣನೆ, ಇನ್ನರ್ಧ ಅದಕ್ಕಿಂತ ಕೆಳಗಿನದು. ಸರ್ ನನ್ನ ಹಾಳೆಗಳನ್ನು ಒಂದೊಂದಾಗಿ ನೋಡಿದರು. ಇಡೀ ತರಗತಿ ನೋಡುತ್ತಿತ್ತು.

‘ಇದೇನಪಾ ಹಲಗೇರಿ?’

‘ಶಾಟ್ ಲಿಸ್ಟ್ ರೀ ಸರ್.’

‘ಅಲ್ಲ, ಇದು ಕಿರಾಣಿ ಚೀಟಿ. ಟ್ರ್ಯಾಕ್ಟರ್ ಒಂದು, ಹುಡುಗಿ ಎರಡು, ಕೂಲಿಂಗ್ ಗ್ಲಾಸ್ ನಾಕು. ತಲಿಯೊಳಗ ಏನೂ ಇಲ್ಲದಾಂವ ಅಂಗಡಿಗೆ ಹೋಗಬೇಕು, ಕಾಲೇಜಿಗೆ ಬರಬಾರದು.’ ಹಾಳೆಗಳನ್ನು ನಾಲ್ಕು ಚೂರು ಮಾಡಿ ನನ್ನ ಕೈಗೇ ಇಟ್ಟರು. ಹುಡುಗಿಯರ ಬೆಂಚಿನಿಂದ ನಗು ಬಂತು. ಆ ನಗುವಿನಲ್ಲಿ ಸವಿತಾಳದೂ ಇತ್ತು. ಆಮೇಲೆ ಅವರು ಸವಿತಾಳ ಹಾಡನ್ನೇ ನಮ್ಮ ತಂಡಕ್ಕೆ ಗಟ್ಟಿ ಮಾಡಿದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸರು ಕೂತಲ್ಲೇ ಕಟ್ಟಿ ಹೇಳುವ ಪದ. ಸವಿತಾಳ ಅವ್ವನೂ ಅವರಲ್ಲೊಬ್ಬಳು. ನಿರ್ದೇಶನ ಸವಿತಾಗೆ, ಕ್ಯಾಮೆರಾ ರಫೀಕನಿಗೆ, ಎಡಿಟಿಂಗ್ ನನಗೆ. ಅವಮಾನವನ್ನು ನಾನು ಮನೆಗೆ ಒಯ್ದು ಚೆನ್ನಾಗಿ ಸಾಕಿದೆ.

ಅವರ ಜೊತೆ ಕೆಲಸ ಮಾಡುವುದು ಒಂದು ಶಿಕ್ಷೆ. ಜಾಗ ನೋಡಲೆಂದು ಒಮ್ಮೆ ನಮ್ಮನ್ನು ಗಳಗನಾಥಕ್ಕೆ ಕರೆದುಕೊಂಡು ಹೋದರು. ಹೊಳೆಗಳು ಕೂಡುವಲ್ಲಿ ನೀರಿನ ಮೇಲೆ ಒಂದು ತರಹದ ಬಿಸಿಲು ಬೀಳುತ್ತದೆ, ಅದು ಬೇಕು ಎಂದರು. ಮೂರು ತಾಸು ಗುಡಿಯ ಕಟ್ಟೆಯ ಮೇಲೆ ಕೂರಿಸಿದರು. ಮೋಡ ಸರಿಯಲಿಲ್ಲ. ‘ಮೋಡದಾಗ ತಗದ್ರ ಏನಾಕ್ಕೈತ್ರಿ ಸರ್?’ ಎಂದು ರಫೀಕ ಕೇಳಿದ. ‘ಏನೂ ಆಗಂಗಿಲ್ಲ. ಅದ ತೊಂದರಿ’ ಎಂದು ಹೇಳಿ, ತಂದಿದ್ದ ಮಂಡಕ್ಕಿಯನ್ನು ನಮಗೆ ಹಂಚಿ, ಒಂದು ಶಾಟೂ ತೆಗೆಯದೆ ವಾಪಸು ಕರೆತಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳಿನಿಂದ ಆ ಹಾಡಿನ ತಾಳ ಬಡಿಯುತ್ತ, ಎಲ್ಲಿ ಕಟ್ ಬೀಳಬೇಕೆಂದು ನನ್ನಿಂದ ಹೇಳಿಸಿದರು. ತಪ್ಪಿದಾಗಲೆಲ್ಲ ಮಂಡಿಗೆ ಒಂದು ಏಟು. ಈಗ ನಾನು ಯಾವ ಹಾಡನ್ನಾದರೂ ಕಣ್ಣು ಮುಚ್ಚಿ ಕತ್ತರಿಸುತ್ತೇನೆ. ಅದು ಆ ಬಸ್ಸಿನಲ್ಲಿ ಕಲಿತದ್ದು.

ಬ್ಯಾಡಗಿಯಲ್ಲಿ ಚಿತ್ರೀಕರಣ ಇದ್ದದ್ದು ಫೆಬ್ರವರಿಯ ಒಂದು ಬೆಳಿಗ್ಗೆ. ಅಂಗಳದ ತುಂಬ ಕೆಂಪು ರಾಶಿ. ಹೊರಗಿನವರು ಬ್ಯಾಡಗಿ ಕಾಯಿ ಎಂದರೆ ಖಾರ ಎಂದುಕೊಳ್ಳುತ್ತಾರೆ. ಅದು ಬಣ್ಣದ ಕಾಯಿ, ಖಾರ ಕಡಿಮೆ. ಆದರೂ ಅಂಗಳದ ಘಾಟು ಯಾರನ್ನೂ ಬಿಡುವುದಿಲ್ಲ, ಮೂವರೂ ಸೀನಿ ಸೀನಿ ಸುಸ್ತಾದೆವು. ತುಂಬು ಬಿಡಿಸುವ ಹನ್ನೆರಡು ಹೆಂಗಸರು ರಾಶಿಯ ಮುಂದೆ ಕೂತಿದ್ದರು. ಹಾಡು ಹೊರಟರೆ ಅವರು ತೋಳು ಬೀಸಿ, ಮೈ ತೂಗಿ, ಬಾಯಿ ಕೂಡಿಸಬೇಕು. ರಫೀಕನ ಸ್ಪೀಕರಿನಿಂದ ಸವಿತಾಳ ದನಿ ಬಂದದ್ದೇ ಹನ್ನೆರಡೂ ಜನ ಸೆರಗು ಬಾಯಿಗೆ ಹಿಡಿದು ಕಲ್ಲಾದರು. ಐದು ಸಲ ತೆಗೆದೆವು, ಐದು ಸಲವೂ ಕಲ್ಲು. ‘ನಾಚಿಕಿ ಬರತೈತ್ರಿ, ನಮ್ಮಿಂದ ಆಗಂಗಿಲ್ಲ’ ಎಂದು ಸವಿತಾಳ ಅವ್ವನೇ ಎದ್ದು ನಿಂತಳು.

ಆಗ ಸರ್ ಕ್ಯಾಮೆರಾದ ಹಿಂದೆ ಹೋಗಿ ನಿಂತರು. ‘ನನ್ನ ನೋಡ್ರಿ ಅವ್ವಾರ. ಹನ್ನೆರಡು ಮಂದಿ ಕೂಡಿ ನಾಚಿಕೊಳ್ಳೋದನ್ನ ನಾ ಒಬ್ಬಾಂವ ನಾಚಿಕೊಳ್ತೀನಿ. ನೀವು ಬರೇ ನಗ್ರಿ’ ಎಂದರು. ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಬಿಗಿದು, ಹಾಡು ಹಾಕಿಸಿ, ಕುಣಿಯತೊಡಗಿದರು. ಐವತ್ತು ದಾಟಿದ ಆ ಮನುಷ್ಯ ಟವೆಲಿನ ತುದಿಯನ್ನು ಸೆರಗಿನಂತೆ ಹಾರಿಸಿದರು, ಕಣ್ಣು ಹೊಡೆದರು, ಸೊಂಟ ತಿರುಗಿಸಿದರು, ರಾಶಿಯಿಂದ ಬೊಗಸೆ ತುಂಬ ಮೆಣಸಿನಕಾಯಿ ಎತ್ತಿ ತಲೆಯ ಮೇಲೆ ಸುರಿದುಕೊಂಡು ಸೀನಿದರು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಗುತ್ತ ನಗುತ್ತ ಅವರ ತೋಳು ತಾವಾಗಿ ಎದ್ದವು, ಬಾಯಿ ಹಾಡಿಗೆ ಕೂಡಿತು. ರಫೀಕ ಅದನ್ನು ಒಂದೇ ಉಸಿರಿಗೆ ತೆಗೆದ. ಅಷ್ಟು ಚೆಂದದ ಶಾಟನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ನಾನು ಪಕ್ಕದಲ್ಲಿ ನಿಂತು ನನ್ನ ಮೊಬೈಲಿನಲ್ಲಿ ಸರ್ ಅವರನ್ನು ತೆಗೆಯುತ್ತಿದ್ದೆ. ಅವರು ನನ್ನನ್ನು ನೋಡಿದರು. ನೋಡಿ, ಇನ್ನೂ ಜೋರಾಗಿ ಕುಣಿದರು. ಇಷ್ಟು ವರ್ಷದಲ್ಲಿ ಯಾರೋ ಒಬ್ಬ ಅವರತ್ತ ಕ್ಯಾಮೆರಾ ತಿರುಗಿಸಿದ್ದ.

ಎಡಿಟ್ ಮಾಡಿದ್ದು ರಫೀಕನ ಅಂಗಡಿಯ ಕಂಪ್ಯೂಟರಿನಲ್ಲಿ, ಒಂದೇ ಮಧ್ಯಾಹ್ನ. ಅವರು ಹರಿದುಹಾಕಿದ ಹಾಳೆಯ ಹಾಡನ್ನೇ ಅವರ ಕುಣಿತಕ್ಕೆ ಕೂಡಿಸಿದೆ. ತಾಳ ಕೂತಿತು, ಅವರೇ ಕಲಿಸಿದ್ದರಲ್ಲ. ಸೊಂಟದ ಸಾಲು ಬಂದಲ್ಲಿ ನಗುವ ಹೆಂಗಸರ ಮುಖ, ಮತ್ತೆ ಅವರು ಕಣ್ಣು ಹೊಡೆಯುವುದು, ಮತ್ತೆ ಹೆಂಗಸರ ಮುಖ. ಹಾಡು ಬದಲಾದದ್ದೇ ಎಲ್ಲವೂ ಬದಲಾಯಿತು. ಒಬ್ಬ ಮೇಷ್ಟ್ರು ಕೂಲಿ ಹೆಂಗಸರ ಮುಂದೆ ಹಲ್ಕಾ ಹಾಡಿಗೆ ಹಲ್ಕಾ ಕುಣಿತ ಕುಣಿಯುತ್ತಿದ್ದಂತೆ ಕಂಡಿತು. ಕಾಣಲೆಂದೇ ಮಾಡಿದ್ದೆ.

ರಫೀಕ ನೋಡಿದ. ನಗಲಿಲ್ಲ. ‘ಬ್ಯಾಡಲೇ. ಸರ್ ಅದಾರ. ಮ್ಯಾಗ ಸವಿತಾನ ಅವ್ವನ ಮೋತಿ ಐತಿ ಅದರಾಗ.’

‘ಮಜಾಕ್‌ ಲೇ. ನಾಕ ದಿನ ಇಟ್ಟು ತಗೀತೀನಿ.’

‘ಖುದಾ ಕಸಂ ಹೇಳ್ತೀನಿ, ಇದು ಮಜಾಕ್ ಅಲ್ಲ’ ಎಂದು ಅವನು ಎದ್ದು ಹೊರಗೆ ಹೋದ. ಹೊರಗೆ ಹೋದನೇ ಹೊರತು ಕಂಪ್ಯೂಟರ್ ಬಂದ್ ಮಾಡಲಿಲ್ಲ. ಅವನ ತಪ್ಪು ಅಷ್ಟೇ. ಉಳಿದದ್ದೆಲ್ಲ ನನ್ನದು. ಅವತ್ತೇ ಒಂದು ಯೂಟ್ಯೂಬ್ ಚಾನೆಲ್ ತೆರೆದು ‘ಡಿಗ್ರಿ ಕಾಲೇಜ್ ಸರ್ ಭರ್ಜರಿ ಡ್ಯಾನ್ಸ್’ ಎಂದು ಹೆಸರಿಟ್ಟು ಹಾಕಿದೆ.

ಒಂದು ವಾರದೊಳಗೆ ಅದು ನನಗಿಂತ ಮುಂದೆ ಓಡುತ್ತಿತ್ತು. ಹಾವೇರಿ ಬಸ್ಸಿನಲ್ಲಿ ಯಾರದೋ ಮೊಬೈಲಿನಿಂದ ಆ ಹಾಡು ಬಂದರೆ ಪಕ್ಕದಲ್ಲಿ ಸರ್ ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತಿದ್ದರು. ನಿಲ್ದಾಣದಲ್ಲಿ ಹುಡುಗರು ‘ಏ ಡ್ಯಾನ್ಸ್ ಸರ್, ಒಂದ್ ಸ್ಟೆಪ್ ಹಾಕ್ರಿ’ ಎಂದು ಕೂಗಿದರು. ಅವರು ಕೈ ಬೀಸಿ ಹೋದರು. ಬ್ಯಾಡಗಿಯಲ್ಲಿ ಆ ಹೆಂಗಸರ ಮನೆಗಳಲ್ಲಿ ಏನೇನಾಯಿತೋ, ಸವಿತಾಳ ಅವ್ವನಿಗಂತೂ ಮಾಲೀಕರು ಅಂಗಳಕ್ಕೆ ಬರಬೇಡ ಎಂದರು. ಸವಿತಾ ತರಗತಿಗೆ ಬಂದು ನೆಟ್ಟಗೆ ನನ್ನ ಬೆಂಚಿಗೆ ನಡೆದು ಬಂದಳು. ‘ನಮ್ಮವ್ವ ನಕ್ಕಿದ್ದು ಸರ್ ಮ್ಯಾಲಿನ ವಿಶ್ವಾಸಕ್ಕ. ನೀ ಆ ನಗೀನ ಕೊಯ್ದು ಮಾರಿದಿ’ ಎಂದಳು. ಮತ್ತೆ ಅವಳು ನನ್ನ ಜೊತೆ ಮಾತಾಡಿಲ್ಲ. ಹಾಡುವುದನ್ನೂ ಬಿಟ್ಟಳೆಂದು ಕೇಳಿದ್ದೇನೆ.

ದೂರು ಕಾಲೇಜಿಗೆ ಬಂತು. ಪ್ರಾಚಾರ್ಯರು ನನ್ನನ್ನೂ ರಫೀಕನನ್ನೂ ಸರ್ ಅವರನ್ನೂ ಕೋಣೆಗೆ ಕರೆದರು. ಮೇಜಿನ ಮೇಲೆ ಮೊಬೈಲಿನಲ್ಲಿ ಅದೇ ಓಡುತ್ತಿತ್ತು. ‘ಇದನ್ನ ಮಾಡಿದಾಂವ ಯಾವಾಂವ? ಪರೀಕ್ಷಾಕ್ಕ ಕುಂದ್ರಸಂಗಿಲ್ಲ, ಹೆಸರು ಹೇಳ್ರಿ’ ಎಂದರು. ರಫೀಕ ಬಾಯಿ ತೆರೆದ. ನಾನು ಅವನ ಕೈ ಹಿಸುಕಿ ಹೇಳಿದೆ:

‘ಸರ್ ಅವರ ಹೇಳಿದ್ರಿ. ಪ್ರಾಜೆಕ್ಟಿಗೆ ಪಬ್ಲಿಸಿಟಿ ಆಕ್ಕೈತಿ, ಹಾಕು ಅಂದ್ರು.’

ಮಾತು ಹೊರಬಿದ್ದ ಮೇಲೆ ನನಗೇ ಅದರ ಸಲೀಸು ಕಂಡು ಆಶ್ಚರ್ಯವಾಯಿತು. ಪ್ರಾಚಾರ್ಯರು ಅವರತ್ತ ತಿರುಗಿದರು. ‘ಖರೇ ಏನ್ರಿ?’

ಸರ್ ನನ್ನನ್ನು ನೋಡಿದರು. ಹಾಳೆ ನೋಡುವಾಗ ನೋಡುತ್ತಿದ್ದರಲ್ಲ, ತಪ್ಪು ಎಲ್ಲಿದೆ ಎಂದು ಹುಡುಕುತ್ತ, ಹಾಗೆ. ‘ಹೌದ್ರಿ. ನಾನ ಹೇಳಿದ್ದೆ. ಹುಡುಗರದು ಏನೂ ಇಲ್ಲ’ ಎಂದರು.

ಹೊರಗೆ ಬಂದಾಗ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಜೇಬಿನಿಂದ ಸೀಮೆಸುಣ್ಣದ ಚೂರು ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿಕೊಂಡು ‘ಸವಿತಾನ ಹಾಡು ಮುಗಿಸಿ ಕೊಡ್ರಿ, ಸೋಮವಾರ ಕಡೀ ದಿನ’ ಎಂದಷ್ಟೇ ಹೇಳಿ ತರಗತಿಗೆ ಹೋದರು. ನಾವು ಮುಗಿಸಿ ಕೊಟ್ಟೆವು. ಅಂಕಗಳು ಬಂದವು, ಒಳ್ಳೆಯವೇ. ಜೂನ್‌ನಲ್ಲಿ ಅವರನ್ನು ತೆಗೆದುಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಅವರು ರಾಣೆಬೆನ್ನೂರಿನ ಒಂದು ಝೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಕೂತು ಜನರಿಗೆ ಅರ್ಜಿ ಬರೆದು ಕೊಡುತ್ತಿದ್ದರು. ಪಿಂಚಣಿಯದು, ರೇಶನ್ ಕಾರ್ಡಿನದು, ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಕೆಲಸ ಕೇಳುವವರದು. ವರ್ಷಕ್ಕೊಮ್ಮೆ ತಮ್ಮದೂ ಒಂದು ಬರೆದು ಕಾಲೇಜಿಗೆ ಕೊಟ್ಟು ಬರುತ್ತಿದ್ದರು. ನಾನು ಅದೇ ಊರಿನಲ್ಲಿ ಸ್ಟುಡಿಯೋ ಇಟ್ಟೆ. ಮದುವೆ ತೆಗೆಯುತ್ತೇನೆ, ಡಿಜೆ ಹಾಡುಗಳ ವಿಡಿಯೋ ಮಾಡುತ್ತೇನೆ. ಟ್ರ್ಯಾಕ್ಟರ್ ಒಂದು, ಹುಡುಗಿ ಎರಡು, ಕೂಲಿಂಗ್ ಗ್ಲಾಸ್ ನಾಲ್ಕು. ಗಿರಾಕಿಗಳು ಬರುವುದು ನನ್ನ ಚಾನೆಲ್ ನೋಡಿ, ಮತ್ತು ಚಾನೆಲ್ಲಿಗೆ ಜನ ಬರುವುದು ಆ ಮೊದಲ ವಿಡಿಯೋ ನೋಡಿ. ‘ನಾಕ ದಿನ’ ಆರು ವರ್ಷವಾಗಿತ್ತು. ಅವರು ಕೂರುತ್ತಿದ್ದ ಬೀದಿಯನ್ನು ಬಿಟ್ಟು ನಾನು ಸುತ್ತು ಹಾಕಿ ಓಡಾಡುತ್ತಿದ್ದೆ.

ಒಂದು ದಿನ ಹನ್ನೊಂದು ಗಂಟೆಗೆ ಅವರೇ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು. ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. ನನ್ನ ಪರದೆಯ ಮೇಲೆ ಒಂದು ಮದುವೆ ಓಡುತ್ತಿತ್ತು. ‘ಆ ಕಟ್ ಅರ್ಧ ತಾಳ ತಡ ಆತು’ ಎಂದರು. ನೋಡಿದೆ, ಹೌದು, ತಡವಾಗಿತ್ತು.

‘ಹಲಗೇರಿ, ಹೊಸ ಪ್ರಿನ್ಸಿಪಾಲರು ಬಂದಾರ. ನನ್ನ ತಗೋತೀನಿ ಅಂದಾರ. ಆದ್ರ ಕಮಿಟಿಯೊಳಗ ಒಬ್ಬರು ಅದನ್ನ ತೋರಿಸ್ಯಾರ. ಸೋಮವಾರ ಮೀಟಿಂಗ್ ಐತಿ. ಅಷ್ಟರಾಗ ಅದು ಇರಬಾರದು. ತಗದಬಿಡಪಾ.’ ಫೈಲನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ‘ನಮ್ಮ ಮನ್ಯಾಗ ಅಕಿಗೆ ಇದ್ಯಾವದೂ ಗೊತ್ತಿಲ್ಲ. ಗೊತ್ತಾಗೂದೂ ಬ್ಯಾಡ’ ಎಂದರು.

‘ಆಗಲ್ರಿ ಸರ್, ಇವತ್ತ ತಗೀತೀನಿ’ ಎಂದು ಚಹಾ ತರಿಸಿದೆ. ಅವರು ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದು, ನನಗೆ ನಮಸ್ಕಾರ ಮಾಡಿ ಹೋದರು. ನನ್ನ ಸರ್, ನನಗೆ.

ತೆಗೆಯಲಿಲ್ಲ. ಬೆರಳು ಗುಂಡಿಯವರೆಗೂ ಹೋಯಿತು. ಚಾನೆಲ್ಲಿನ ತಲೆಯೇ ಅದು, ತೆಗೆದರೆ ಉಳಿದದ್ದು ಯಾರು ನೋಡುತ್ತಾರೆ ಎನ್ನಿಸಿತು. ಈ ಕಾರಣವನ್ನು ನಾನು ದೊಡ್ಡದು ಮಾಡಲಾರೆ, ಇಷ್ಟೇ ಸಣ್ಣದು. ರವಿವಾರ ಅವರ ಫೋನು ಮೂರು ಸಲ ಬಂತು. ಮೂರು ಸಲವೂ ಮೊಬೈಲನ್ನು ಬೋರಲು ಹಾಕಿ ಇಟ್ಟೆ. ಸೋಮವಾರ ಮೀಟಿಂಗ್ ಆಯಿತು. ಆ ಜಾಗಕ್ಕೆ ಬೇರೆ ಯಾರೋ ಬಂದರು. ಅದಾದ ಮೇಲೆ ಅವರು ನನ್ನ ಅಂಗಡಿಗೂ ಬರಲಿಲ್ಲ, ಕಾಲೇಜಿಗೆ ಅರ್ಜಿಯನ್ನೂ ಹಾಕಲಿಲ್ಲ.

ಕಳೆದ ತಿಂಗಳು, ಅರ್ಜಿ ಬರೆಯುತ್ತ ಬರೆಯುತ್ತ ಕಟ್ಟೆಯ ಮೇಲೆಯೇ ವಾಲಿದರಂತೆ. ಮಣ್ಣಿಗೆ ಹೋಗಲು ನನಗೆ ಮುಖವಿರಲಿಲ್ಲ. ಮೂರನೆಯ ದಿನ ಹೋದೆ. ಅವರ ಮನೆಯ ಓಣಿಯ ತಿರುವಿನಲ್ಲಿ ಬೈಕು ನಿಲ್ಲಿಸಿ, ಮೊಬೈಲ್ ತೆಗೆದು, ಆ ವಿಡಿಯೋ ಅಳಿಸಿಹಾಕಿದೆ. ಮೂಲದ ಪ್ರತಿ ನನ್ನಲ್ಲಿರಲಿಲ್ಲ, ಆ ಹಳೆಯ ಮೊಬೈಲೂ ಅಂಗಡಿಯ ಆ ಕಂಪ್ಯೂಟರೂ ಎಂದೋ ಹೋಗಿದ್ದವು. ಹಗುರಾಯಿತು. ಖರೇ ಹೇಳುತ್ತೇನೆ, ಒಂದು ಒಳ್ಳೆಯ ಕೆಲಸ ಮಾಡಿದವನ ಹಾಗೆ ಎದೆ ಹಗುರಾಯಿತು. ಒಳಗೆ ಹೋಗಿ ಫೋಟೋಕ್ಕೆ ಕೈಮುಗಿದು, ಅವರ ಹೆಂಡತಿಗೆ ‘ನಾ ಸರ್ ಸ್ಟೂಡೆಂಟ್ ರೀ’ ಎಂದೆ. ಅವರು ‘ಹೌದೇನಪಾ’ ಎಂದು ನೀರು ಕೊಟ್ಟರು.

ಎರಡು ದಿನ ಬಿಟ್ಟು ಅವರು ಪಕ್ಕದ ಮನೆಯ ಹುಡುಗಿಯನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು. ಹುಡುಗಿಯ ಕೈಯಲ್ಲಿ ಮೊಬೈಲಿತ್ತು. ‘ಇದು ನಿಂದ ಚಾನೆಲ್ ಅಲ್ಲೇನಪಾ? ಇದರಾಗ ಅವರು ಕುಣಿದದ್ದು ಇತ್ತು. ಎರಡು ದಿನ ಆತು, ಕಾಣವಲ್ಲದು’ ಎಂದರು.

ನಾನು ಪರದೆಯ ಮೇಲೆ ಓಡುತ್ತಿದ್ದ ಮದುವೆಯನ್ನು ನಿಲ್ಲಿಸಿದೆ.

‘ನಾ ದಿನಾ ನೋಡ್ತಿದ್ದೆ. ಅವರು ಅರ್ಜಿ ಬರಿಯಾಕ ಕಟ್ಟಿಗೆ ಹೋದ ಮ್ಯಾಗ, ಈಕಿ ಮೊಬೈಲ್‌ನ್ಯಾಗ. ಅವರಿಗೆ ಗೊತ್ತಿರಲಿಲ್ಲ. ಹಾಡು ಹೊಲಸು ಐತಿ, ಅದನ್ನ ಬಂದ್ ಮಾಡಿ ಬರೇ ಅವರನ್ನ ನೋಡ್ತಿದ್ದೆ. ಮನ್ಯಾಗ ಎಂದೂ ಹಂಗ ನಕ್ಕಾವರಲ್ಲ. ಮದುವಿ ಆಗಿ ಇಪ್ಪತ್ತೆಂಟು ವರ್ಷ ಆತು, ಅವರಿಗೆ ಕುಣಿಯಾಕ ಬರತೈತಿ ಅನ್ನೂದು ನನಗ ಅದರಾಗ ತಿಳಿದದ್ದು. ಮತ್ತ ಹಾಕಪಾ.’

‘ಇಲ್ರಿ ಅಕ್ಕಾರ. ಅಳಿಸೇನಿ. ಬರಂಗಿಲ್ಲ’ ಎಂದೆ. ಹುಡುಗಿ ಬೇರೆಯವರು ಕದ್ದು ಹಾಕಿಕೊಂಡ ತುಂಡುಗಳನ್ನು ಹುಡುಕಿ ತೋರಿಸಿದಳು. ಎಲ್ಲದರಲ್ಲೂ ಸರ್ ಮುಖದ ಮೇಲೆ ನಗುವ ಹಳದಿ ಗುಂಡು ಅಂಟಿಸಿದ್ದರು. ಅವರು ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿ ಮೊಬೈಲನ್ನು ಹುಡುಗಿಗೆ ಕೊಟ್ಟರು.

‘ಅವರು ನಿನ್ನ ಅಂಗಡಿಗೆ ಬಂದದ್ದು ನನಗ ಗೊತ್ತೈತಿ. ಫೋನ್ ಹಚ್ಚಿ ಹಚ್ಚಿ ಕುಂತದ್ದೂ ನೋಡೇನಿ.’ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಿಳಿಯದವರು ಕೇಳುವಂತೆ ಕೇಳಿದರು. ‘ಅವರು ಬೇಡಿಕೊಂಡಾಗ ನೀ ತಗೀಲಿಲ್ಲ. ಈಗ ಯಾರು ಕೇಳಿದ್ರಪಾ ನಿನಗ?’